ಕಲಿಯುವ ಯಂತ್ರಕ್ಕೂ ಒಂದು ಪಹಣಿ ಬೇಕು

2018ರ ಮಾರ್ಚ್ 18, ರಾತ್ರಿ ಹತ್ತರ ಹೊತ್ತು. ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ, ಮಿಲ್ ಅವೆನ್ಯೂ ಎಂಬ ಅಗಲ ರಸ್ತೆಯ ಮೇಲೆ ಉಬರ್ ಕಂಪನಿಯ ಸ್ವಯಂಚಾಲಿತ ಕಾರೊಂದು ಪರೀಕ್ಷಾ ಓಡಾಟದಲ್ಲಿತ್ತು. ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. 49 ವರ್ಷದ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಕಾರು ಅವರಿಗೆ ಗುದ್ದಿತು, ಅವರು ಉಳಿಯಲಿಲ್ಲ. ಸ್ವಯಂಚಾಲಿತ ಕಾರಿನಿಂದ ಪಾದಚಾರಿಯೊಬ್ಬರು ಪ್ರಾಣ ಕಳೆದುಕೊಂಡ ಮೊದಲ ಪ್ರಕರಣ ಅದು.

ಕತ್ತಲಲ್ಲಿ ಯಂತ್ರಕ್ಕೆ ಅವರು ಕಾಣಿಸಲೇ ಇಲ್ಲವೇನೋ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ 2019ರಲ್ಲಿ ಕೊಟ್ಟ ವರದಿ ಬೇರೆಯದನ್ನೇ ಹೇಳುತ್ತದೆ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ, ಅಂದರೆ ನೂರು ಮೀಟರಿನಷ್ಟು ದೂರವಿದ್ದಾಗಲೇ, ರೇಡಾರ್ ಅವರನ್ನು ಕಂಡಿತ್ತು. ಕಂಡದ್ದನ್ನು ವ್ಯವಸ್ಥೆ 'ವಾಹನ' ಎಂದು ಗುರುತು ಹಾಕಿಕೊಂಡಿತು. 5.2 ಸೆಕೆಂಡ್ ಉಳಿದಿರುವಾಗ 'ಇತರೆ' ಎಂದಿತು. ಮತ್ತೆ 'ವಾಹನ'. ಮತ್ತೆ 'ಇತರೆ'. 2.6 ಸೆಕೆಂಡ್ ಇರುವಾಗ 'ಸೈಕಲ್'. ಇನ್ನೊಮ್ಮೆ 'ಇತರೆ'. 1.2 ಸೆಕೆಂಡ್ ಇರುವಾಗ ಪುನಃ 'ಸೈಕಲ್'. 'ಪಾದಚಾರಿ' ಎಂದು ಕೊನೆಯವರೆಗೂ ಅದು ಬರೆದುಕೊಳ್ಳಲಿಲ್ಲ.

ಈ ಗೊಂದಲ ಪ್ರಾಣಾಂತಿಕವಾಗಲು ವಿನ್ಯಾಸದಲ್ಲೇ ಎರಡು ಕಾರಣಗಳಿದ್ದವು. ಗುರುತು ಹಾಕಿದ ಜಾಗ ಬಿಟ್ಟು ಬೇರೆಡೆಯೂ ಜನ ರಸ್ತೆ ದಾಟುತ್ತಾರೆ ಎಂಬುದಕ್ಕೆ ಆ ವ್ಯವಸ್ಥೆಯಲ್ಲಿ ಎಡೆಯೇ ಇರಲಿಲ್ಲ. ದಾಟುವ ಪಟ್ಟಿಯ ಹತ್ತಿರ ಕಂಡವರಿಗಷ್ಟೇ 'ದಾಟುವುದು' ಎಂಬ ಉದ್ದೇಶವನ್ನು ಅದು ಕೊಡುತ್ತಿತ್ತು. (ಈ ವ್ಯಾಖ್ಯೆಯನ್ನು ಬೆಂಗಳೂರಿಗೆ ತಂದರೆ ನಮ್ಮಲ್ಲಿ ರಸ್ತೆ ದಾಟುವವರಲ್ಲಿ ಬಹುಪಾಲು ಜನ ಲೆಕ್ಕಕ್ಕೇ ಬರುವುದಿಲ್ಲ.) ಎರಡನೆಯದು ಇದಕ್ಕಿಂತ ಸೂಕ್ಷ್ಮ. ಒಂದು ವಸ್ತುವಿನ ವರ್ಗ ಬದಲಾದಾಗಲೆಲ್ಲ ಅದು ಅಲ್ಲಿಯವರೆಗೆ ಎಲ್ಲೆಲ್ಲಿತ್ತು ಎಂಬ ಇತಿಹಾಸವನ್ನು ಮುಂದಿನ ದಾರಿಯ ಲೆಕ್ಕಾಚಾರದಿಂದ ಕೈಬಿಡಲಾಗುತ್ತಿತ್ತು. ಐದು ಸೆಕೆಂಡುಗಳುದ್ದಕ್ಕೂ ಒಬ್ಬರೇ ಮನುಷ್ಯರು ಎಡದಿಂದ ಬಲಕ್ಕೆ ನಡೆದು ಬರುತ್ತಿದ್ದರು. ಯಂತ್ರದ ಲೆಕ್ಕದಲ್ಲಿ ಪ್ರತಿ ಸಲವೂ ಹೊಸದೊಂದು ವಸ್ತು ಹುಟ್ಟುತ್ತಿತ್ತು. ಆಗಷ್ಟೇ ಹುಟ್ಟಿದ್ದಕ್ಕೆ ಚಲನೆಯ ಇತಿಹಾಸ ಎಲ್ಲಿಂದ ಬರಬೇಕು? ಹಾಗಾಗಿ ಅದು ಒಮ್ಮೆ ನಿಂತಲ್ಲೇ ನಿಂತ ವಸ್ತುವಾಯಿತು, ಮತ್ತೊಮ್ಮೆ ಲೇನಿನುದ್ದಕ್ಕೂ ನೇರ ಸಾಗುವ ವಸ್ತುವಾಯಿತು. ಕಾರಿನ ದಾರಿಗೆ ಅಡ್ಡ ಬರುತ್ತಿರುವ ಮನುಷ್ಯರಾಗಲಿಲ್ಲ.

ಕಾರಿನಲ್ಲಿ ಕೂತು ನಿಗಾ ಇಡಬೇಕಾಗಿದ್ದವರ ಕಣ್ಣು ಮೊಬೈಲ್ ಮೇಲಿತ್ತು. ವರದಿ ಅದನ್ನೇ ಮುಖ್ಯ ಕಾರಣವೆಂದು ಹೇಳಿ, ಕಂಪನಿಯ ಸುರಕ್ಷತಾ ಶಿಸ್ತಿನ ಸಡಿಲತನವನ್ನೂ ಸೇರಿಸಿದೆ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಯಂತ್ರಕ್ಕೆ ಕಲಿಸುವ ಕೆಲಸದಲ್ಲಿ ತೊಡಗಿರುವ ಎಲ್ಲರೂ ಕೂತು ಓದಬೇಕಾದದ್ದು ಆ ಎರಡು ವಿನ್ಯಾಸದ ಲೋಪಗಳನ್ನು. ಕ್ಯಾಮೆರಾ, ರೇಡಾರ್ ಎಷ್ಟು ಚುರುಕಾದರೂ, ಇನ್ನೂ ಲಕ್ಷಗಟ್ಟಲೆ ಚಿತ್ರ ತೋರಿಸಿದರೂ, 'ಎಲ್ಲಿ ಬೇಕಾದರೂ ದಾಟಬಹುದಾದ ಮನುಷ್ಯ' ಎಂಬ ಕಲ್ಪನೆ ಆ ವಿನ್ಯಾಸದೊಳಗೆ ತಾನಾಗಿ ಮೊಳೆಯುತ್ತಿರಲಿಲ್ಲ. ಅದನ್ನು ಮನುಷ್ಯರೇ ಕೂತು ಬರೆಯಬೇಕಿತ್ತು. ಸಾವಿನ ನಂತರ ಬರೆದರು: ವರ್ಗ ಬದಲಾದರೂ ವಸ್ತುವಿನ ಹಿಂದಿನ ಜಾಡು ಉಳಿಯುವಂತೆ, ಪಾದಚಾರಿ ಎಲ್ಲಿ ಬೇಕಾದರೂ ದಾಟಬಹುದೆಂದು ಎಣಿಸುವಂತೆ ಕಂಪನಿ ವ್ಯವಸ್ಥೆಯನ್ನು ತಿದ್ದಿತು.

ಮೊದಲೇ ಕೂತು ಬರೆಯುವ ಈ ಕೆಲಸಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಒಂದು ಶಿಸ್ತೇ ಇದೆ: ಪರಿಕಲ್ಪನಾ ಮಾದರಿಗಳನ್ನು ಕಟ್ಟುವುದು. ಒಂದು ತಂತ್ರಾಂಶ ಯಾವ ಜಗತ್ತಿನೊಡನೆ ವ್ಯವಹರಿಸಬೇಕೋ ಆ ಜಗತ್ತಿನಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಸಂಬಂಧ, ಯಾವುದು ಬದಲಾಗಬಹುದು, ಯಾವುದು ಬದಲಾಗಲೇಬಾರದು ಎಂಬುದನ್ನು ಕೋಡ್ ಬರೆಯುವ ಮೊದಲೇ ಎಲ್ಲರಿಗೂ ತಿಳಿಯುವ ಹಾಗೆ ಚಿತ್ರಿಸಿಡುವುದು. 1976ರಲ್ಲಿ ಎಂಐಟಿಯಲ್ಲಿದ್ದ ಪೀಟರ್ ಚೆನ್ ಬರೆದ ಲೇಖನ ಈ ಕ್ಷೇತ್ರಕ್ಕೆ ಅಡಿಪಾಯ. ವಸ್ತುಗಳಿಗೆ ಆಯತ, ಸಂಬಂಧಗಳಿಗೆ ವಜ್ರಾಕೃತಿ, ನಡುವೆ ಗೆರೆಗಳು. ಇಂದಿಗೂ ಎಂಜಿನಿಯರಿಂಗ್ ಕಾಲೇಜಿನ ಡೇಟಾಬೇಸ್ ಪಾಠ ಈ ಚಿತ್ರದಿಂದಲೇ ಶುರುವಾಗುತ್ತದೆ. ಬ್ಯಾಂಕು, ರೈಲ್ವೆ ಬುಕಿಂಗ್, ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ, ಎಲ್ಲದರ ತಳದಲ್ಲೂ ಇಂಥದೊಂದು ಚಿತ್ರ ಇರುತ್ತದೆ.

ನಮ್ಮ ರೈತರಿಗೆ ಇದು ಕಂಪ್ಯೂಟರ್ ಬರುವುದಕ್ಕೂ ಮುಂಚಿನಿಂದ ಗೊತ್ತು, ಪಹಣಿಯ ರೂಪದಲ್ಲಿ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಭೂಮಿಯ ಒಡೆಯನೂ ಉಳುವವನೂ ಬೇರೆ ಬೇರೆ ಇರಬಹುದು ಎಂಬ ತಿಳಿವಳಿಕೆ ಆ ಕಾಲಂಗಳಲ್ಲೇ ಇದೆ. ಜಮೀನು ಕೈಬದಲಾದರೆ ಮ್ಯುಟೇಶನ್ ಆಗುತ್ತದೆ, 9ನೇ ಕಾಲಂನ ಹೆಸರು ಬದಲಾಗುತ್ತದೆ, ಸರ್ವೆ ನಂಬರ್ ಮಾತ್ರ ಅದೇ ಉಳಿಯುತ್ತದೆ. ಒಡೆಯ ಬದಲಾದ ಮಾತ್ರಕ್ಕೆ ಹೊಲದ ಇತಿಹಾಸ ಅಳಿಸುವುದಿಲ್ಲ. ಟೆಂಪೆಯ ಕಾರಿಗೆ ಇಲ್ಲದ್ದು ಈ ವಿವೇಕ. ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿದಾಗ, ಹಳೆಯ ಕಾಗದದ ಈ ಮಾದರಿಯೇ ಡೇಟಾಬೇಸಿನ ಎಲುಬಾಯಿತು.

ಪಹಣಿಯಲ್ಲಿ ತಪ್ಪುಗಳಿಲ್ಲ ಎಂದು ಯಾರೂ ಹೇಳುವುದಿಲ್ಲ. ಪೋಡಿಯಾಗದ, ಅಂದರೆ ಅಳೆದು ಭಾಗ ಮಾಡದ, ಜಮೀನಿನಲ್ಲಿ ನಾಲ್ಕು ಜನ ಅಣ್ಣತಮ್ಮಂದಿರ ಹೆಸರು ಒಂದೇ ಪಹಣಿಯಲ್ಲಿ ಕೂತಿರುತ್ತದೆ, ನೆಲದ ಮೇಲೆ ನಾಲ್ವರ ಬದುಗಳೂ ಬೇರೆ ಬೇರೆ. ಆದರೆ ತಪ್ಪಾಗಿದ್ದರೆ ಎಲ್ಲಿ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಬಹುದು. 'ಈ ಕಾಲಂನಲ್ಲಿ ನನ್ನ ಹೆಸರಿರಬೇಕು' ಎಂದು ನಾಡಕಚೇರಿಗೆ ಹೋಗಬಹುದು, ತಹಶೀಲ್ದಾರರ ಮುಂದೆ ತಕರಾರು ಅರ್ಜಿ ಕೊಡಬಹುದು, ಮೇಲ್ಮನವಿ ಹಾಕಬಹುದು. ಪರಿಕಲ್ಪನಾ ಮಾದರಿಯ ದೊಡ್ಡ ಉಪಕಾರ ನನ್ನ ಮಟ್ಟಿಗೆ ಇದು: ಜಗತ್ತಿನ ಬಗ್ಗೆ ವ್ಯವಸ್ಥೆ ಏನನ್ನು ನಂಬಿಕೊಂಡಿದೆ ಎಂಬುದನ್ನು ತಕರಾರಿಗೆ ತೆರೆದಿಡುತ್ತದೆ.

ಕಲಿಯುವ ಯಂತ್ರಗಳಲ್ಲಿ ಆ ಕಾಲಂ ಕಾಣಿಸುವುದಿಲ್ಲ. ಯಂತ್ರಕಲಿಕೆಯಲ್ಲಿ ನಿಯಮಗಳನ್ನು ಯಾರೂ ಬರೆಯುವುದಿಲ್ಲ. ಸಾವಿರಾರು, ಲಕ್ಷಾಂತರ ಉದಾಹರಣೆಗಳನ್ನೂ ಅವುಗಳ ಸರಿಯುತ್ತರಗಳನ್ನೂ ಕೊಟ್ಟರೆ ಯಂತ್ರ ತಾನೇ ಹೊಂದಾಣಿಕೆಗಳನ್ನು ಹುಡುಕಿಕೊಂಡು ಕೋಟಿಗಟ್ಟಲೆ ಅಂಕಿಗಳಲ್ಲಿ ಹುದುಗಿಸಿಕೊಳ್ಳುತ್ತದೆ. ಇದರಿಂದ ಜಗತ್ತನ್ನು ವಿವರಿಸುವ ಕಷ್ಟವೇ ತಪ್ಪಿತು ಎಂದು ಅನೇಕರು ಭಾವಿಸಿದರು. ತಪ್ಪಲಿಲ್ಲ, ಕಣ್ಣಿಗೆ ಬೀಳದ ಕಡೆ ಹೋಗಿ ಕೂತಿತು. ಯಾವುದನ್ನು 'ಸರಿಯುತ್ತರ' ಎಂದು ಕೊಡಬೇಕು, ಎಷ್ಟು ವರ್ಗ ಇರಬೇಕು, ಯಾವ ಮಾಹಿತಿ ಒಳಗೆ, ಯಾವುದು ಹೊರಗೆ ಎಂಬ ತೀರ್ಮಾನಗಳು ಈಗಲೂ ಆಗುತ್ತಲೇ ಇವೆ. ಯಾವ ಚಿತ್ರದಲ್ಲೂ ಬರೆಯದೆ, ಯಾರ ಸಹಿಯೂ ಇಲ್ಲದೆ ಆಗುತ್ತಿವೆ.

ಅಮೆರಿಕದ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ವ್ಯವಸ್ಥೆಯ ಕಥೆ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಹಲವು ಕಾಯಿಲೆಗಳಿಂದ ನರಳುವವರಿಗೆ ವಿಶೇಷ ಆರೈಕೆಯ ಕಾರ್ಯಕ್ರಮವೊಂದಿತ್ತು. ಯಾರನ್ನು ಸೇರಿಸಬೇಕೆಂದು ಈ ವ್ಯವಸ್ಥೆ ಅಂಕ ಕೊಡುತ್ತಿತ್ತು. 2019ರಲ್ಲಿ ಜಿಯಾದ್ ಓಬರ್ಮೇಯರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಅದರ ಪರಿಶೀಲನೆಯನ್ನು ಪ್ರಕಟಿಸಿದರು. ಒಂದೇ ಅಂಕ ಪಡೆದ ಕಪ್ಪು ಮತ್ತು ಬಿಳಿ ರೋಗಿಗಳನ್ನು ಹೋಲಿಸಿದರೆ ಕಪ್ಪು ರೋಗಿಗಳು ಹೆಚ್ಚು ಕಾಯಿಲೆ ಬಿದ್ದಿದ್ದರು. ಯಂತ್ರಕ್ಕೆ ಜನಾಂಗದ ಮಾಹಿತಿಯನ್ನೇ ಕೊಟ್ಟಿರಲಿಲ್ಲ. ಹಾಗಾದರೆ ಈ ತಾರತಮ್ಯ ಬಂದದ್ದೆಲ್ಲಿಂದ? ಯಂತ್ರಕ್ಕೆ ಊಹಿಸಲು ಹೇಳಿದ್ದು ರೋಗಿಗೆ ಮುಂದೆ ತಗಲುವ ಖರ್ಚನ್ನು. ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಆರೋಗ್ಯದ ಅಗತ್ಯ. ಖರ್ಚಿನ ಲೆಕ್ಕ ಕೈಗೆ ಸಿಗುತ್ತಿತ್ತು, ಅಗತ್ಯದ ಲೆಕ್ಕ ಸಿಗುತ್ತಿರಲಿಲ್ಲ, ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಬಂತು. ವೈದ್ಯಕೀಯ ಸೌಲಭ್ಯ ಸುಲಭವಾಗಿ ಎಟುಕದ ಸಮುದಾಯದ ಮೇಲೆ, ಕಾಯಿಲೆ ಎಷ್ಟೇ ಇದ್ದರೂ, ಖರ್ಚಾಗುವ ಹಣ ಕಡಿಮೆ. ಯಂತ್ರ ಕೊಟ್ಟ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು, ಖರ್ಚನ್ನು ಸರಿಯಾಗಿಯೇ ಊಹಿಸುತ್ತಿತ್ತು. ಈ ಓರೆಯನ್ನು ಸರಿಪಡಿಸಿದರೆ ವಿಶೇಷ ಆರೈಕೆಗೆ ತಾವಾಗಿ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು ಎಂದು ಅವರು ಲೆಕ್ಕ ಹಾಕಿದರು.

ಒಂದು ಹಾಳೆಯ ಮೇಲೆ 'ಅಗತ್ಯ' ಎಂದೊಂದು ಚೌಕ, 'ಖರ್ಚು' ಎಂದೊಂದು ಚೌಕ ಬರೆದು, ಎರಡರ ನಡುವಿನ ಗೆರೆಯ ಮೇಲೆ 'ಯಾವಾಗ ಇವು ಕೂಡಿಬರುತ್ತವೆ, ಯಾವಾಗ ಇಲ್ಲ' ಎಂದು ಬರೆದಿದ್ದರೆ, ಆಸ್ಪತ್ರೆಯಲ್ಲಿ ದುಡಿಯುವ ಯಾವ ನರ್ಸಾದರೂ ಆ ಗೆರೆಯನ್ನು ಪ್ರಶ್ನಿಸಿರುತ್ತಿದ್ದರು. ಆ ಹಾಳೆಯೇ ಇರಲಿಲ್ಲ.

ಇದಕ್ಕೂ ಹಳೆಯದು ಪಿಟ್ಸ್‌ಬರ್ಗಿನ ನ್ಯುಮೋನಿಯಾ ಪ್ರಕರಣ. 1990ರ ದಶಕದ ನಡುವೆ ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು, ಯಾರನ್ನು ಆಸ್ಪತ್ರೆಗೆ ಸೇರಿಸಬೇಕು, ಯಾರನ್ನು ಔಷಧಿ ಕೊಟ್ಟು ಮನೆಗೆ ಕಳಿಸಬಹುದು ಎಂದು ಊಹಿಸುವ ಹಲವು ಮಾದರಿಗಳನ್ನು ಕಟ್ಟಿ ನೋಡಲಾಯಿತು. ಅತ್ಯಂತ ನಿಖರವಾಗಿದ್ದದ್ದು, ಕಲಿತದ್ದನ್ನು ಅಂಕಿಗಳೊಳಗೆ ಹುದುಗಿಸಿಕೊಳ್ಳುವ ನ್ಯೂರಲ್ ನೆಟ್‌ವರ್ಕ್. ಅದೇ ದತ್ತಾಂಶದಿಂದ, ಮನುಷ್ಯರು ಓದಬಹುದಾದ ನಿಯಮಗಳನ್ನು ಕಲಿಯುವ ಇನ್ನೊಂದು ವ್ಯವಸ್ಥೆ ವಿಚಿತ್ರವಾದ ನಿಯಮವೊಂದನ್ನು ಹೊರಹಾಕಿತು: ಆಸ್ತಮಾ ಇದ್ದವರಿಗೆ ಸಾವಿನ ಅಪಾಯ ಕಡಿಮೆ. ವೈದ್ಯರು ಬೆಚ್ಚಿದರು. ಆಸ್ತಮಾ ಇದ್ದವರಿಗೆ ನ್ಯುಮೋನಿಯಾ ಬಂದರೆ ಗಂಡಾಂತರ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದ್ದರಿಂದಲೇ ಅಂಥವರನ್ನು ನೇರವಾಗಿ ತೀವ್ರನಿಗಾ ಘಟಕಕ್ಕೆ ಒಯ್ಯುತ್ತಿದ್ದರು, ಮುತುವರ್ಜಿಯ ಚಿಕಿತ್ಸೆ ಸಿಗುತ್ತಿತ್ತು, ಹೆಚ್ಚು ಜನ ಬದುಕುತ್ತಿದ್ದರು. ದತ್ತಾಂಶದಲ್ಲಿ ರೋಗವಿತ್ತು, ರೋಗಿ ಇದ್ದರು, ಸಾವು ಬದುಕಿನ ಲೆಕ್ಕವಿತ್ತು. ಸಿಕ್ಕ ಚಿಕಿತ್ಸೆಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ನ್ಯೂರಲ್ ನೆಟ್‌ವರ್ಕ್ ಕೂಡ ಇದನ್ನೇ ಕಲಿತಿರಬಹುದು, ಇನ್ನೂ ಏನೇನು ಕಲಿತಿದೆಯೋ ತಿಳಿಯದು ಎಂಬ ಕಾರಣಕ್ಕೆ ಅದನ್ನು ರೋಗಿಗಳ ಮೇಲೆ ಬಳಸದಿರಲು ನಿರ್ಧರಿಸಿದರು. ಆ ತಂಡದಲ್ಲಿದ್ದ ರಿಚ್ ಕರುವಾನ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ. ಹೆಚ್ಚು ನಿಖರವಾದದ್ದನ್ನು ಬದಿಗಿಟ್ಟ ಆ ತೀರ್ಮಾನ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ.

ಪಹಣಿಯ ಕಾಲಂಗಳನ್ನು ಕಂದಾಯ ಇಲಾಖೆ ಬರೆಯಿತು. ಕಲಿಯುವ ಯಂತ್ರಗಳ ಕಾಲಂಗಳನ್ನು ಬರೆಯುವವರು ಯಾರು? ಇಮೇಜ್‌ನೆಟ್ ಎಂಬ ಚಿತ್ರಭಂಡಾರದ ಇತಿಹಾಸ ನೋಡಿದರೆ ಗೊತ್ತಾಗುತ್ತದೆ. ಫೆಯ್-ಫೆಯ್ ಲೀ ಅವರ ನೇತೃತ್ವದಲ್ಲಿ 2009ರಲ್ಲಿ ಹೊರಬಂದ, ಮುಂದೆ ಒಂದು ಕೋಟಿ ನಲವತ್ತು ಲಕ್ಷ ಚಿತ್ರಗಳಿಗೆ ಬೆಳೆದ ಈ ಭಂಡಾರ ಇಂದಿನ ಯಂತ್ರದೃಷ್ಟಿಯ ಯುಗವನ್ನೇ ತೆರೆಯಿತು. ಅದರ ಸುಮಾರು 22,000 ವರ್ಗಗಳನ್ನು ಯಾರೂ ಹೊಸದಾಗಿ ಯೋಚಿಸಿ ಮಾಡಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಆರಂಭವಾಗಿದ್ದ ವರ್ಡ್‌ನೆಟ್ ಎಂಬ ಪದಕೋಶದ ನಾಮಪದಗಳ ವಂಶವೃಕ್ಷವನ್ನು ಹಾಗೆಯೇ ತೆಗೆದುಕೊಂಡರು. ಪದಗಳ ಸಂಬಂಧ ತಿಳಿಸಲು ಮಾಡಿದ್ದು ಕಣ್ಣಿಗೆ ಕಾಣುವ ಲೋಕದ ನಕ್ಷೆಯಾಗಿಬಿಟ್ಟಿತು. ಕುರ್ಚಿ, ನಾಯಿ, ಬಾಳೆಹಣ್ಣಿಗೆ ಇದರಿಂದ ತೊಂದರೆಯಾಗಲಿಲ್ಲ. ಆದರೆ ಮನುಷ್ಯರ ಶಾಖೆಯಲ್ಲಿ 'ಸಾಲಗಾರ' ಎಂಬ ವರ್ಗವೂ ಇತ್ತು. ಮುಖ ನೋಡಿ ಸಾಲಗಾರನೆಂದು ಹೇಳುವುದು ಹೇಗೆ? ಬೈಗುಳಗಳೂ ವರ್ಗಗಳಾಗಿ ಒಳಗೆ ಕೂತಿದ್ದವು. ಅಂತರ್ಜಾಲದ ಮೂಲಕ ಬಿಡಿಗೂಲಿಗೆ ದುಡಿಯುವವರು ಅಪರಿಚಿತರ ಫೋಟೊಗಳಿಗೆ ಈ ಲೇಬಲ್‌ಗಳನ್ನು ಅಂಟಿಸಿದ್ದರು.

ಹತ್ತು ವರ್ಷಗಳ ನಂತರ ಆ ತಂಡವೇ ಮರುಪರಿಶೀಲನೆಗೆ ಕೂತಿತು. ಮನುಷ್ಯರಿಗೆ ಸಂಬಂಧಿಸಿದ 2,832 ವರ್ಗಗಳಲ್ಲಿ 1,593 ಬಳಸಲು ಸುರಕ್ಷಿತವಲ್ಲ ಎಂದು ತೀರ್ಮಾನಿಸಿತು. ಉಳಿದವುಗಳಲ್ಲೂ ಚಿತ್ರ ನೋಡಿ ನಿಜಕ್ಕೂ ಗುರುತಿಸಬಹುದಾದವು 158 ಮಾತ್ರ ಎಂದು ಕಂಡುಕೊಂಡಿತು. ಈ ಪ್ರಾಮಾಣಿಕತೆ ದೊಡ್ಡದು. ಆದರೆ ಆ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಚಿತ್ರಗಳನ್ನು ಕಲೆಹಾಕುವ ಮೊದಲೇ 'ಈ ವರ್ಗ ಕಣ್ಣಿಗೆ ಕಾಣುವಂಥದ್ದೇ, ಅಥವಾ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸಂಬಂಧವೇ' ಎಂದು ಕೇಳುವುದು ಪರಿಕಲ್ಪನಾ ಮಾದರಿ ಕಟ್ಟುವವರಿಗೆ ದಿನನಿತ್ಯದ ಕೆಲಸ. ಅವರನ್ನು ಕರೆಯಲಿಲ್ಲ ಅಷ್ಟೆ.

ಕರೆಯದಿದ್ದುದಕ್ಕೆ ಆ ಶಿಸ್ತಿನ ಕಡೆಯಿಂದಲೂ ಕಾರಣವಿದೆ, ಇಲ್ಲಿಂದಲೇ ನಿಜವಾದ ಸಂಶೋಧನೆಯ ಸವಾಲು ಶುರುವಾಗುವುದು. ಚೆನ್ ಕಾಲದ ಚಿತ್ರಭಾಷೆಯಲ್ಲಿ ಒಂದು ವಸ್ತು ವಾಹನ ಅಥವಾ ಪಾದಚಾರಿ. 'ಈ ಕ್ಷಣಕ್ಕೆ ಅರವತ್ತು ಪಾಲು ಸೈಕಲ್, ಮೂವತ್ತು ಪಾಲು ಮನುಷ್ಯ, ಉಳಿದದ್ದು ಗೊತ್ತಿಲ್ಲ' ಎಂದು ಹೇಳುವ ಸಲೀಸಾದ ಗುರುತು ಅದರಲ್ಲಿಲ್ಲ. ಕಲಿಯುವ ಯಂತ್ರಕ್ಕೆ ತಿಳಿದಿರುವುದೆಲ್ಲ ಈ ಬಗೆಯದ್ದೇ. ಅನುಮಾನವನ್ನು ಚಿತ್ರದಲ್ಲಿ ಹೇಗೆ ಬರೆಯುವುದು, ಅನುಮಾನ ಎಷ್ಟರ ಮಟ್ಟಕ್ಕೆ ಬಂದರೆ ವ್ಯವಸ್ಥೆ ನಿಧಾನಿಸಬೇಕು ಎಂಬುದನ್ನು ಎಲ್ಲಿ ಬರೆಯುವುದು ಎಂಬುದಕ್ಕೆ ಎಲ್ಲರೂ ಒಪ್ಪಿದ ದಾರಿ ಇನ್ನೂ ಇಲ್ಲ.

ಗುರುತಿನ ಪ್ರಶ್ನೆಯಲ್ಲಿ ಮಾತ್ರ ಹಳೆಯ ಶಿಸ್ತು ಬಹಳ ಮುಂದಿದೆ. ನಿಕೋಲಾ ಗುವಾರಿನೊ ಮತ್ತು ಕ್ರಿಸ್ಟೊಫರ್ ವೆಲ್ಟಿ ಎರಡು ದಶಕಗಳ ಹಿಂದೆ ರೂಪಿಸಿದ ಆಂಟೊಕ್ಲೀನ್ ಎಂಬ ಪದ್ಧತಿ ಒಂದು ಸರಳ ಪರೀಕ್ಷೆ ಒಡ್ಡುತ್ತದೆ: ಈ ಲಕ್ಷಣ ಹೋದರೆ ವಸ್ತುವೇ ಇಲ್ಲವಾಗುತ್ತದೆಯೇ, ಅಥವಾ ಉಳಿಯುತ್ತದೆಯೇ? ವಿದ್ಯಾರ್ಥಿ ಓದು ಮುಗಿಸಿದರೆ ವಿದ್ಯಾರ್ಥಿತನ ಹೋಗುತ್ತದೆ, ಮನುಷ್ಯ ಇರುತ್ತಾನೆ. ಪಾದಚಾರಿ ಎಂಬುದೂ ಹಾಗೆಯೇ ಒಂದು ಪಾತ್ರ. ಸೈಕಲ್ ಹತ್ತಿದರೆ ಸವಾರ, ಇಳಿದು ತಳ್ಳಿದರೆ ಪಾದಚಾರಿ, ಇಬ್ಬರೂ ಒಬ್ಬರೇ. ಪಾತ್ರ ಬದಲಾದಾಗ ವ್ಯಕ್ತಿಯ ಇತಿಹಾಸ ಅಳಿಸಬಾರದೆಂಬುದು ಈ ಕ್ಷೇತ್ರದಲ್ಲಿ ಪ್ರಾಥಮಿಕ ಪಾಠ. ಟೆಂಪೆಯ ಅಪಘಾತಕ್ಕೆ ಹದಿನೈದಕ್ಕೂ ಹೆಚ್ಚು ವರ್ಷ ಮೊದಲೇ ಈ ಪಾಠ ಅಚ್ಚಾಗಿತ್ತು. ಎರಡು ಕ್ಷೇತ್ರದವರು ಒಬ್ಬರ ಬರಹವನ್ನು ಇನ್ನೊಬ್ಬರು ಓದುವುದಿಲ್ಲ ಎಂಬ ಸಂಗತಿ ನನ್ನನ್ನು ನಿಜವಾಗಿ ಕಾಡುತ್ತದೆ.

ಇನ್ನೊಂದು ಸವಾಲು ಕಾಲದ್ದು. ಗೂಗಲ್ 2008ರಲ್ಲಿ, ಜನ ಏನನ್ನು ಹುಡುಕುತ್ತಿದ್ದಾರೆ ಎಂಬುದರಿಂದ ಫ್ಲೂ ಹರಡುವಿಕೆಯನ್ನು ಅಂದಾಜಿಸುವ ಸೇವೆ ಶುರುಮಾಡಿತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದ ಎರಡು ಪಟ್ಟಿಗೂ ಹೆಚ್ಚಾಯಿತು, 2015ರಲ್ಲಿ ಸೇವೆ ನಿಂತಿತು. ಫ್ಲೂ ಬಗ್ಗೆ ಹುಡುಕುವವರೆಲ್ಲ ಫ್ಲೂ ಬಂದವರಲ್ಲ. ಟಿವಿಯಲ್ಲಿ ಸುದ್ದಿ ಜೋರಾದರೆ ಆರೋಗ್ಯವಂತರೂ ಹುಡುಕುತ್ತಾರೆ. ಹುಡುಕಾಟದ ಪುಟವೇ ಸಲಹೆಗಳನ್ನು ಮುಂದಿಟ್ಟರೆ ಹುಡುಕುವ ರೀತಿಯೇ ಬದಲಾಗುತ್ತದೆ. ಹಳೆಯ ಡೇಟಾಬೇಸಿನಲ್ಲಿ ಚಿತ್ರ ಬದಲಾಗಬೇಕೆಂದರೆ ಸಭೆ ಸೇರಿ ತೀರ್ಮಾನಿಸುತ್ತಿದ್ದರು. ಇಲ್ಲಿ ಯಾರೂ ಏನನ್ನೂ ಮುಟ್ಟದಿದ್ದರೂ ಅರ್ಥ ಜಾರಿರುತ್ತದೆ. 2015ರಲ್ಲಿ ಗೂಗಲಿನ ಡಿ. ಸ್ಕಲ್ಲಿ ಮತ್ತು ಸಂಗಡಿಗರು ಇಂಥ ವ್ಯವಸ್ಥೆಗಳಲ್ಲಿ ಒಂದನ್ನು ಬದಲಿಸಿದರೆ ಎಲ್ಲವೂ ಬದಲಾಗುತ್ತದೆ ಎಂದು ಎಚ್ಚರಿಸಿ ಬರೆದ ಲೇಖನವನ್ನು ಈಗಲೂ ಎಂಜಿನಿಯರುಗಳು ಓದುತ್ತಾರೆ.

ಪರಿಹಾರದ ಪ್ರಯತ್ನಗಳೂ ನಡೆದಿವೆ. ದತ್ತಾಂಶ ಎಲ್ಲಿಂದ ಬಂತು, ಯಾರು ಲೇಬಲ್ ಹಾಕಿದರು, ಯಾವುದಕ್ಕೆ ಬಳಸಬಾರದು ಎಂಬ ವಿವರಗಳ ಪತ್ರವೊಂದು ಅದರ ಜೊತೆಗಿರಬೇಕು ಎಂದು ಟಿಮ್ನಿಟ್ ಗೆಬ್ರು ಮತ್ತು ಸಹೋದ್ಯೋಗಿಗಳು 2018ರಲ್ಲಿ ಒತ್ತಾಯಿಸಿದರು. ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು 2020ರಲ್ಲಿ ಪಾಂಗ್ ವೇ ಕೋ ಮತ್ತು ಇತರರು ತೋರಿಸಿದ ದಾರಿ. ಮೊಣಕಾಲಿನ ಎಕ್ಸ್‌ರೇ ಕೊಟ್ಟರೆ ಯಂತ್ರ ನೇರವಾಗಿ 'ಸಂಧಿವಾತ ಇಷ್ಟು ತೀವ್ರ' ಎನ್ನುವುದಿಲ್ಲ. ಮೊದಲು ವೈದ್ಯರು ಬಳಸುವ ಪರಿಕಲ್ಪನೆಗಳಲ್ಲಿ ಉತ್ತರಿಸಬೇಕು: ಕೀಲಿನ ಸಂದು ಕಿರಿದಾಗಿದೆಯೇ, ಮೂಳೆಯಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಇದೆಯೇ? ಆ ಉತ್ತರಗಳಿಂದಲೇ ತೀವ್ರತೆಯ ಅಂದಾಜಿಗೆ ಹೋಗಬೇಕು. ನಡುವೆ ವೈದ್ಯರು ತಡೆದು 'ಇಲ್ಲ, ಇಲ್ಲಿ ಮುಳ್ಳಿಲ್ಲ' ಎಂದು ತಿದ್ದಿದರೆ ಕೊನೆಯ ಉತ್ತರವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಲಂ ಮರಳಿ ಬಂದಂತಾಯಿತು, ತಕರಾರಿಗೆ ಜಾಗ ಸಿಕ್ಕಿತು. ಆದರೆ ಮರುವರ್ಷವೇ ಇತರ ಸಂಶೋಧಕರು ಇದರ ಬಿರುಕನ್ನೂ ತೋರಿಸಿದರು. 'ಮುಳ್ಳು' ಎಂಬ ಹಣೆಪಟ್ಟಿಯ ಕೆಳಗೆ ಯಂತ್ರ ಬೇರೆ ಮಾಹಿತಿಯನ್ನೂ ಸಾಗಿಸಬಲ್ಲದು. ಹೆಸರು ವೈದ್ಯರದ್ದು, ಒಳಗಿನ ಅರ್ಥ ಯಂತ್ರದ್ದು. ಎರಡೂ ಒಂದೇ ಎಂದು ಖಾತ್ರಿಪಡಿಸಿಕೊಳ್ಳುವುದು ಹೇಗೆಂಬುದು ಈ ಕ್ಷೇತ್ರದ ಅತ್ಯಂತ ಕಠಿಣ ಪ್ರಶ್ನೆಗಳಲ್ಲಿ ಒಂದು.

ಪರಿಕಲ್ಪನಾ ಮಾದರಿಯ ಚಿತ್ರವನ್ನೂ ಯಂತ್ರದ ಕೈಯಲ್ಲೇ ಬರೆಸಬಹುದಲ್ಲ ಎಂದು ಈಗ ಕೇಳುವವರಿದ್ದಾರೆ. ಗ್ರಂಥಾಲಯ, ಬ್ಯಾಂಕು ಎಂದರೆ ದೊಡ್ಡ ಭಾಷಾ ಮಾದರಿಗಳು ಪಠ್ಯಪುಸ್ತಕದಂಥ ಚಿತ್ರವನ್ನು ಕ್ಷಣದಲ್ಲಿ ಬಿಡಿಸುತ್ತವೆ. ಎಲ್ಲರೂ ಬರೆದಿಟ್ಟದ್ದು ಅವಕ್ಕೆ ಗೊತ್ತು. ಯಾರೂ ಬರೆದಿಡದ್ದನ್ನು ಕೇಳಿ ತಿಳಿಯಲು ಊರಿಗೇ ಹೋಗಬೇಕು.

ನಮ್ಮ ರಾಜ್ಯದಲ್ಲಿ ಈ ಕೆಲಸ ತುರ್ತಾಗಿರುವುದು ಹೊಲದಲ್ಲಿ. ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ನಡೆಯುತ್ತಿದೆ, ಸರ್ವೆ ನಂಬರಿಗೆ ಹೋಗಿ ಬೆಳೆಯ ಫೋಟೊ ತೆಗೆಯಲಾಗುತ್ತದೆ. ವಿಮೆಗೆ ನೋಂದಾಯಿಸಿದ ಬೆಳೆಗೂ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದೆ ರೈತರ ಪರಿಹಾರ ತಡೆಹಿಡಿದ ಸುದ್ದಿ ನಮಗೆ ಹೊಸದಲ್ಲ. ಫೋಟೊ ಅಥವಾ ಉಪಗ್ರಹದ ಚಿತ್ರ ನೋಡಿ ಬೆಳೆಯನ್ನು ಯಂತ್ರವೇ ಗುರುತಿಸುವ ತಂತ್ರಜ್ಞಾನ ಜಗತ್ತಿನ ಹಲವೆಡೆ ಬಳಕೆಗೆ ಬಂದಿದೆ, ಇಲ್ಲಿಯೂ ಅದರ ಪಾತ್ರ ಹಿಗ್ಗುತ್ತದೆ. ಅಂಥ ಯಂತ್ರಕ್ಕೆ ಕಲಿಸಲು ಕೂತವರು 'ಒಂದು ಹೊಲಕ್ಕೆ ಒಂದು ಬೆಳೆ' ಎಂಬ ಖಾನೆಯಿಂದ ಶುರುಮಾಡಿದರೆ ಬಯಲುಸೀಮೆಯ ಅಕ್ಕಡಿ ಸಾಲು ಎಲ್ಲಿ ಕೂರುತ್ತದೆ? ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಸಾಲುಗಳು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತಿರುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಏಲಕ್ಕಿ, ನಡುವೆ ಬಾಳೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅಡಿಕೆಯ ಹೆಡೆ ಬಿಟ್ಟರೆ ಮಿಕ್ಕದ್ದು ಕಾಣುವುದೇ ಕಷ್ಟ.

ಲೇಬಲ್ ಹಾಕಲು ಕೂತ ಹುಡುಗಿಯ ಮುಂದೆ ಆಯ್ಕೆಯ ಪಟ್ಟಿ ಇರುತ್ತದೆ. ಅವಳು ಒಂದನ್ನು ಒತ್ತಲೇಬೇಕು, ಒತ್ತಿದರಷ್ಟೇ ಮುಂದಿನ ಫೋಟೊ ಬರುತ್ತದೆ. ಅವಳು ರಾಗಿ ಒತ್ತುತ್ತಾಳೆ. ಅವರೆ ಬೆಳೆದವನ ನಷ್ಟ ಅಲ್ಲಿಗೆ ದತ್ತಾಂಶದಿಂದ ಹೊರಗಾಯಿತು. ಯಂತ್ರ ಆಮೇಲೆ ಎಷ್ಟು ನಿಖರವಾಗಿ ಕಲಿತರೂ ಆ ಅವರೆ ಮತ್ತೆ ಒಳಗೆ ಬರುವುದಿಲ್ಲ. ಪಟ್ಟಿ ಸಿದ್ಧವಾಗುವ ಮುನ್ನವೇ ಕೃಷಿ ಇಲಾಖೆಯವರು, ಸರ್ವೆಯವರು, ತಂತ್ರಾಂಶದವರು ಒಂದು ಹೊಲದ ಬದುವಿನ ಮೇಲೆ ರೈತರೊಡನೆ ನಿಂತು ಕೇಳಬೇಕಾದ ಪ್ರಶ್ನೆಗಳಿವೆ. ಹೊಲ ಎಂದರೆ ಸರ್ವೆ ನಂಬರೋ, ಪೋಡಿಯಾಗದೆ ಅಣ್ಣತಮ್ಮಂದಿರು ಹಂಚಿಕೊಂಡ ತುಂಡೋ? ಬೆಳೆ ಎಂದರೆ ಬಿತ್ತಿದ್ದೋ, ಫೋಟೊ ತೆಗೆದ ದಿನ ನಿಂತಿದ್ದೋ, ಕೈಗೆ ಬಂದದ್ದೋ? ಮಳೆ ಕೈಕೊಟ್ಟು ರಾಗಿ ಅಳಿಸಿ ಹುರುಳಿ ಬಿತ್ತಿದರೆ ಅದು ಅದೇ ಹಂಗಾಮಿನ ಬೆಳೆಯೋ, ಹೊಸ ದಾಖಲೆಯೋ? ಯಂತ್ರಕ್ಕೆ ಅನುಮಾನ ಬಂದರೆ ಅದು ಯಾರನ್ನು ಕೇಳಬೇಕು, ಎಷ್ಟು ದಿನದೊಳಗೆ? ಅದರ ತೀರ್ಪು ಒಪ್ಪದ ರೈತ ಯಾವ ಕಚೇರಿಗೆ ಹೋಗಬೇಕು, ಅಲ್ಲಿ ಕೂತವರ ಮುಂದೆ ಬೆರಳಿಟ್ಟು ತೋರಿಸಲು ಯಾವ ಕಾಲಂ ಇರುತ್ತದೆ?